ಮಾಮಾನ ಸಹಿ

ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಒಂದು ಆಸ್ಪತ್ರೆ. ಅಲ್ಲೊಬ್ಬ ಲೇಡಿ ಡಾಕ್ಟರು ಇದ್ದಾರೆಂದು ತಂಗಿಯ ಮಗಳನ್ನು ಬಸವಕಲ್ಯಾಣದಿಂದ ಕರೆದುಕೊಂಡು ಹೋಗಿದ್ದೆ. ಹುಡುಗಿಗೆ ಹದಿನಾರು ತುಂಬಿ ನಾಲ್ಕು ತಿಂಗಳು, ಪಿಯುಸಿ ಮೊದಲ ವರ್ಷ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡು ಹತ್ತಿಯಂತಾಗಿತ್ತು. ತಂಗಿ, ಆಕೆಯ ಗಂಡ ಇಬ್ಬರೂ ಪುಣೆಯಲ್ಲಿ ದುಡಿಯುತ್ತಾರೆ. ಹುಡುಗಿ ಬೆಳೆದದ್ದು ನಮ್ಮವ್ವನ ಕೈಯಲ್ಲಿ. ಅವ್ವನೂ ಬಂದಿದ್ದಳು, ಮಂಡಿನೋವೆಂದು ಹೊರಗಿನ ಬೆಂಚಿನ ಮೇಲೆ ಕುಳಿತಳು. ಒಳಗೆ ಹೋದವರು ನಾವಿಬ್ಬರೇ.

ಡಾಕ್ಟರು ನನ್ನ ಮುಖ ನೋಡಿ ಕೇಳಿದರು: "ಏನ್ ತ್ರಾಸ ಅದರೀ ಹುಡುಗಿಗಿ?" ನಾನು ಹೇಳಿದೆ. ಊಟ ಹೇಗೆ ಮಾಡ್ತಾಳ, ನಿದ್ದಿ ಹೇಗದ, ಎಲ್ಲಕ್ಕೂ ನಾನೇ ಹೇಳಿದೆ. ಆಮೇಲೆ ಅದೇ ದನಿಯಲ್ಲಿ, ನನ್ನನ್ನೇ ನೋಡುತ್ತ, "ಮುಟ್ಟು ಎಷ್ಟು ದಿನಕ್ಕೊಮ್ಮಿ ಆಗ್ತದ?" ಎಂದರು. ನಾನು ಹುಡುಗಿಯತ್ತ ನೋಡಿದೆ. ಹುಡುಗಿ ಗೋಡೆಯ ಮೇಲಿನ ಔಷಧಿ ಕಂಪನಿಯ ಕ್ಯಾಲೆಂಡರ್ ನೋಡುತ್ತಿದ್ದಳು. "ಬರಾಬರ್ ಅದ ಅನ್ನಸ್ತದರೀ" ಎಂದುಬಿಟ್ಟೆ. ಐವತ್ತು ದಾಟಿದ ಗಂಡಸೊಬ್ಬ, ತನಗೆ ಗೊತ್ತೇ ಇಲ್ಲದ ವಿಷಯಕ್ಕೆ ಸಾಕ್ಷಿ ಹೇಳಿದ. ಡಾಕ್ಟರು ಅದನ್ನು ಬರೆದುಕೊಂಡರು.

ಹಿಮೋಗ್ಲೋಬಿನ್ 7.4 ಬಂತು. ಎಂಟಕ್ಕಿಂತ ಕೆಳಗಿದ್ದರೆ ಈ ವಯಸ್ಸಿನವರಿಗೆ ಅದು ತೀವ್ರ ರಕ್ತಹೀನತೆಯ ಲೆಕ್ಕ. ಸಲೈನಿನಲ್ಲಿ ಕಬ್ಬಿಣಾಂಶ ಕೊಡಬೇಕು, ಸಹಿ ಬೇಕು ಎಂದರು. ಎರಡು ಪುಟದ ಇಂಗ್ಲಿಷ್ ಫಾರಂ ಬಂತು. ಸಿಸ್ಟರು ಪೆನ್ನಿನ ತುದಿಯಿಂದ "ಇಲ್ಲೊಂದ್ ಮಾಡ್ರಿ, ಇಲ್ಲೊಂದ್ ಮಾಡ್ರಿ" ಎಂದು ತೋರಿಸಿದರು. ಸಂಬಂಧ ಎಂಬ ಜಾಗದಲ್ಲಿ 'ಮಾಮಾ' ಎಂದು ಬರೆದು ಸಹಿ ಹಾಕಿದೆ. ಓದಲಿಲ್ಲ. ಸೂಜಿ ಯಾರ ಕೈಗೆ ಚುಚ್ಚಬೇಕಿತ್ತೋ ಅವಳಿಗೆ ಅಂದು ಯಾರೂ ಏನನ್ನೂ ಕೇಳಲಿಲ್ಲ. ಕೈ ಚಾಚು ಎಂದರು, ಚಾಚಿದಳು.

ಈ ಸಹಿಯ ವಿಚಾರ ಆಮೇಲೆ ಬಹಳ ದಿನ ತಲೆ ಕೊರೆಯಿತು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಆತನ ನಂತರ ತಾಯಿ. ಈ 'ನಂತರ' ಎಂಬ ಮಾತಿಗೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥ ಹಚ್ಚಬೇಕಿಲ್ಲ, ಆತ ಹೊಣೆ ಹೊರುವ ಸ್ಥಿತಿಯಲ್ಲಿ ಇಲ್ಲದಾಗಲೂ ಸಲ್ಲುತ್ತದೆ ಎಂದು 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸೋದರಮಾವ ಈ ಸಾಲಿನಲ್ಲಿ ಎಲ್ಲಿಯೂ ಇಲ್ಲ. 1890ರ ಪೋಷಕರ ಕಾಯ್ದೆಯಲ್ಲಿ, ಮಗುವಿನ ಆರೈಕೆ ಯಾರ ಕೈಯಲ್ಲಿದೆಯೋ ಅವರೇ ಪೋಷಕರು ಎಂಬ ಅಗಲವಾದ ಅರ್ಥವಿದೆ. ಆ ಲೆಕ್ಕಕ್ಕಾದರೂ ಸಲ್ಲಬೇಕಾಗಿದ್ದದ್ದು ನಮ್ಮವ್ವನ ಹೆಬ್ಬೆಟ್ಟು. ಆಕೆ ಹೊರಗೆ ಬೆಂಚಿನ ಮೇಲೆ ಅಡಿಕೆ ಅಗಿಯುತ್ತ ಕುಳಿತಿದ್ದಳು, ಯಾರೂ ಕರೆಯಲಿಲ್ಲ. ಅಂದಮೇಲೆ ಆಸ್ಪತ್ರೆ ಹುಡುಕುತ್ತಿದ್ದದ್ದು ಕಾನೂನು ಹೇಳುವ ಪೋಷಕರನ್ನಲ್ಲ, ಪ್ಯಾಂಟು ಹಾಕಿಕೊಂಡ ಒಬ್ಬ ಹಿರಿಯನನ್ನು. ನಾಳೆ ಏನಾದರೂ ಎಡವಟ್ಟಾದರೆ ತಕರಾರು ತೆಗೆಯಬಲ್ಲವನು ಯಾರೋ ಅವನ ಸಹಿ ಮೊದಲೇ ಹಿಡಿದಿಟ್ಟುಕೊಳ್ಳುವುದು ಅದರ ಉದ್ದೇಶ. ಅದಕ್ಕೆ ನಾವು 'ಒಪ್ಪಿಗೆ' ಎಂಬ ದೊಡ್ಡ ಹೆಸರು ಕೊಟ್ಟಿದ್ದೇವೆ.

ಇದು ಹದಿಹರೆಯದವರಿಗಷ್ಟೇ ಬಂದ ಪಾಡೇ ಎಂದರೆ, ಅಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ರೋಗಿಗೆ 44 ವರ್ಷ. ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದಿದ್ದರು. ಅದು ಒಪ್ಪಿಗೆಯಲ್ಲ ಎಂದು ಹೇಳಿಸಿಕೊಳ್ಳಲು ಆಕೆ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ಹೋಗಬೇಕಾಯಿತು. 44ರ ಹೆಂಗಸಿಗೇ ಹೀಗಾದರೆ, 16ರ ಹುಡುಗಿ ಕ್ಯಾಲೆಂಡರ್ ನೋಡದೆ ಇನ್ನೇನು ಮಾಡಬೇಕು?

ಕನ್ನಡದ 'ಒಪ್ಪು' ಎಂಬ ಮಾತಿನ ಬೆನ್ನಿಗೇ 'ಒಪ್ಪಿಸು' ಅಂಟಿಕೊಂಡಿದೆ. ಹುಡುಗಿಯನ್ನು ಒಪ್ಪಿಸಿದೆವು ಎಂದರೆ ಮನಸ್ಸೊಲಿಸಿದೆವು ಎಂದೂ ಆಗುತ್ತದೆ, ಇನ್ನೊಬ್ಬರ ಕೈಗೆ ಕೊಟ್ಟೆವು ಎಂದೂ ಆಗುತ್ತದೆ. ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವೇ ಇದೆ, ಅದರಲ್ಲಿ ಹೆಣ್ಣು ಬಾಯಿ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ನಡೆಯುವುದೂ ಬಹುಪಾಲು ಅದೇ ಶಾಸ್ತ್ರ, ಅಕ್ಷತೆ ಇರುವುದಿಲ್ಲ ಅಷ್ಟೇ.

ಈ ವಿಷಯ ಎತ್ತಿದಾಗಲೆಲ್ಲ ನಮ್ಮ ಕಡೆ ಬರುವ ಉತ್ತರ ಒಂದೇ: "ಅದೆಲ್ಲ ಫಾರಿನ್ ಮಾತು. ನಮ್ಮ ಸಂಸ್ಕೃತಿಯೊಳಗ ಹುಡುಗ್ರಿಗಿ ಕೇಳೋ ಪದ್ಧತಿ ಇಲ್ಲ." ಮಠದ ಪಡಸಾಲೆಯಲ್ಲೂ ಕೇಳಿದ್ದೇನೆ, ದರ್ಗಾದ ಮುಂದಿನ ಚಹಾದಂಗಡಿಯಲ್ಲೂ ಕೇಳಿದ್ದೇನೆ. ಬೇರೆ ಊರಿನವರು ಹೇಳಿದರೆ ಹೋಗಲಿ ಎನ್ನಬಹುದು. ಬಸವಕಲ್ಯಾಣದವರು ಇದನ್ನು ಹೇಳಿದರೆ ನಗು ಬರುತ್ತದೆ.

ಈ ಊರು ಯಾರ ಹೆಸರು ಹೊತ್ತಿದೆ? ಎಂಟನೆಯ ವಯಸ್ಸಿನಲ್ಲಿ ಜನಿವಾರ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ ಹುಡುಗ ಎಂದು ಪರಂಪರೆ ಹೇಳುವ ಬಸವಣ್ಣನ ಹೆಸರು. ತನ್ನ ಮೈಮೇಲೆ ಹಾಕಲು ಬಂದ ಒಂದು ಎಳೆಗೆ ಆ ಹುಡುಗ ಬೇಡ ಅಂದ. ಅದನ್ನು ನಾವು ಪ್ರತಿ ಬಸವ ಜಯಂತಿಗೆ ಭಾಷಣದಲ್ಲಿ ಹೇಳುತ್ತೇವೆ, ಶಾಲೆಯ ಮಕ್ಕಳಿಂದ ನಾಟಕ ಮಾಡಿಸುತ್ತೇವೆ. ಗಂಡನ ಅರಮನೆಯನ್ನೂ ಅದರ ವಸ್ತ್ರವನ್ನೂ ಬಿಟ್ಟು ಉಡುತಡಿಯಿಂದ ಇಲ್ಲಿಯತನಕ ನಡೆದುಬಂದ ಅಕ್ಕಮಹಾದೇವಿ ಎಳೆಯ ಹೆಣ್ಣುಮಗಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಆಕೆಯನ್ನು ಕಟುವಾಗಿಯೇ ಪ್ರಶ್ನಿಸಿದರೆಂದು ಶೂನ್ಯಸಂಪಾದನೆಯ ಕಥನ. ಗಮನಿಸಬೇಕಾದದ್ದು, ಪ್ರಶ್ನೆ ಕೇಳಿದ್ದು ಆಕೆಯನ್ನೇ. ನಿನ್ನ ಸಂಗಡ ಯಾರು ಬಂದಾರ, ಹಿರಿಯರನ್ನ ಕರಿ ಎಂದು ಅಲ್ಲಮ ಕೇಳಿದಂತಿಲ್ಲ. ಇನ್ನು ಹುಮನಾಬಾದಿನ ಕಡೆಯ ಮಾಣಿಕಪ್ರಭುಗಳು. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು, ಹುಡುಗ ಕೆಲಸಕ್ಕೆ ಬಾರದವನೆಂದು ಮಾವ ಬೈದಾಗ ಮನೆ ತೊರೆದು ಹೋದವರು. ಎಲ್ಲ ಮತಗಳೂ ಸಲ್ಲುವ ಸಕಲಮತ ಸಂಪ್ರದಾಯ ಕಟ್ಟಿದವರು ಅವರೇ, ಮಾಣಿಕನಗರ ಇರುವುದು ಅವರಿಂದಲೇ. (ಸೋದರಮಾವನಾದ ನನಗೆ ಈ ಕಥೆ ಕೇಳಿದಾಗಲೆಲ್ಲ ಸ್ವಲ್ಪ ಮುಜುಗರವಾಗುತ್ತದೆ.) ಈ ಎರಡು ತಾಲ್ಲೂಕುಗಳಲ್ಲಿ ನಾವು ಕೈಮುಗಿಯುವ ಇವರೆಲ್ಲ ಎಳೆಯ ವಯಸ್ಸಿನಲ್ಲಿ ಹಿರಿಯರ ಮಾತು ಮೀರಿದವರು. ದೇವರಾದ ಮೇಲೆ ಒಪ್ಪುತ್ತೇವೆ, ಹುಡುಗರಾಗಿರುವಾಗ ಒಪ್ಪುವುದಿಲ್ಲ.

ಶಾಸ್ತ್ರದ ಕಡೆಯಿಂದ ನೋಡಿದರೂ ಇಷ್ಟೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ಕುಳಿತು 'ಮಿತಾಕ್ಷರಾ' ಬರೆದ. ಹಿಂದೂ ಕುಟುಂಬದ ಆಸ್ತಿಯ ಕಾನೂನು ಬಂಗಾಳ ಬಿಟ್ಟು ಮಿಕ್ಕ ಕಡೆಗಳಲ್ಲಿ ಬಹುಮಟ್ಟಿಗೆ ನಿಂತದ್ದು ಆ ಗ್ರಂಥದ ಮೇಲೆ. ಅದರ ಜೀವಾಳ ಜನ್ಮಸ್ವತ್ವ: ಮಗ ಹುಟ್ಟಿದ ಗಳಿಗೆಯಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರ, ಅಪ್ಪ ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಆ ಪಾಲು ಸಿಗಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬರಬೇಕಾಯಿತು, ಅದು ಬೇರೆ ಮಾತು. ತೊಟ್ಟಿಲ ಕೂಸಿಗೆ ಎರಡೆಕರೆ ಹೊಲದಲ್ಲಿ ಹಕ್ಕು ಕೊಟ್ಟ ಊರು ಇದು. ಆ ಕೂಸು ಹದಿನಾರು ವರ್ಷ ಬೆಳೆದ ಮೇಲೂ ತನ್ನ ಕೈಗೆ ಚುಚ್ಚುವ ಸೂಜಿಯ ಬಗ್ಗೆ ಒಂದು ಮಾತು ಕೇಳುವ ಹಕ್ಕು ಅದಕ್ಕಿಲ್ಲವೆಂದರೆ, ವಿಜ್ಞಾನೇಶ್ವರನೂ ಸ್ವಲ್ಪ ಯೋಚಿಸುತ್ತಿದ್ದ. ಅಂದಹಾಗೆ ಧರ್ಮಶಾಸ್ತ್ರದವರು ಬಾಲ್ಯ ಮುಗಿಯುವುದನ್ನು ಹದಿನಾರಕ್ಕೆ ಇಟ್ಟಿದ್ದರು. ಹದಿನೆಂಟು ನಮ್ಮ ಪುರಾತನ ಸಂಖ್ಯೆಯಲ್ಲ, ಅದು 1875ರ ಪ್ರಾಪ್ತವಯಸ್ಕತೆಯ ಕಾಯ್ದೆಯೊಂದಿಗೆ ಬಂದ ಬ್ರಿಟಿಷರ ಸಂಖ್ಯೆ. ಫಾರಿನ್ ಮಾತು ಯಾವುದು ಎಂದು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಮುಸ್ಲಿಂ ನೆರೆಯವರಲ್ಲಿ ಎರಡು ಪದಗಳಿವೆ: ತಮೀಜ್ ಮತ್ತು ಬುಲೂಘ್. ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್ಹ್‌ನಲ್ಲಿ ತಮೀಜ್ ಎಂದರೆ ಒಳಿತು ಕೆಡುಕು ಬೇರ್ಪಡಿಸಿ ನೋಡುವ ಶಕ್ತಿ. ಸುಮಾರು ಏಳನೆಯ ವಯಸ್ಸಿಗೆ ಅದು ಮೂಡುತ್ತದೆ ಎನ್ನುತ್ತಾರೆ. ಬುಲೂಘ್ ಎಂದರೆ ಮೈನೆರೆಯುವುದು, ಅದರೊಂದಿಗೆ ನಮಾಜು ರೋಜಾಗಳ ಹೊಣೆ ಹುಡುಗನ, ಹುಡುಗಿಯ ಸ್ವಂತ ಹೆಗಲಿಗೆ ಬರುತ್ತದೆ. ಚಿಕ್ಕಂದಿನಲ್ಲಿ ವಲಿ, ಅಂದರೆ ಪೋಷಕನಾದವನು, ಮಾಡಿಸಿದ ನಿಕಾಹನ್ನು ದೊಡ್ಡವಳಾದ ಮೇಲೆ ಹುಡುಗಿ ನಿರಾಕರಿಸಬಹುದು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಇದಕ್ಕೆ ಅವಕಾಶವನ್ನೇ ಬರೆದಿಟ್ಟಿದೆ. ಆದರೆ ನಮ್ಮ ಬೀದರ ಜಿಲ್ಲೆಯ ಉರ್ದುವಿನಲ್ಲಿ ತಮೀಜ್ ಎಂದರೆ ಈಗ ಉಳಿದಿರುವ ಅರ್ಥ ಯಾವುದು? ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡು ಕೂಡುವುದು. ವಿವೇಕಕ್ಕೆ ಇದ್ದ ಪದ ಮೌನಕ್ಕೆ ಬಂದು ನಿಂತಿದೆ.

ಲಿಂಗಾಯತರ ಮನೆಯಲ್ಲಿ ಕೂಸಿಗೆ ಲಿಂಗ ಕಟ್ಟುವಾಗ ಯಾರೂ ಕೇಳುವುದಿಲ್ಲ, ಕೇಳಲಾಗದು. ತಿಳಿವಳಿಕೆ ಬಂದ ಮೇಲೆ ದೀಕ್ಷೆ ಎಂಬ ಎರಡನೆಯ ಮೆಟ್ಟಿಲು ಇದೆ. ಮೆಥಡಿಸ್ಟ್ ಚರ್ಚಿನಲ್ಲಿ ಕೂಸಿಗೆ ದೀಕ್ಷಾಸ್ನಾನ, ಬೆಳೆದ ಮೇಲೆ ತನ್ನ ಬಾಯಿಂದಲೇ ಹೇಳುವ ದೃಢೀಕರಣ. ಮಗುವಿಗೂ ದೊಡ್ಡವರಿಗೂ ನಡುವೆ ಒಂದು ಮೆಟ್ಟಿಲಿದೆ ಎಂಬುದು ಯಾವ ಮತಕ್ಕೂ ಗೊತ್ತಿಲ್ಲದ ಸಂಗತಿಯಲ್ಲ. ಆ ಮೆಟ್ಟಿಲನ್ನು ಕಿತ್ತುಹಾಕಿದ್ದು ಮತವಲ್ಲ, ಮರ್ಯಾದೆ.

ಮರ್ಯಾದೆಯ ಕೈ ಎಷ್ಟು ಉದ್ದ ಎಂಬುದಕ್ಕೆ ಮುಟ್ಟು ಒಂದೇ ಸಾಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಇದೇ ಊರಲ್ಲಿ ತಳ್ಳಿಹಾಕಿದರು. ಎಂಟುನೂರು ವರ್ಷಗಳಾಚೆ, ಅದೇ ಧರ್ಮದ ಮನೆಯ ಹುಡುಗಿ ಡಾಕ್ಟರ ಮುಂದೆ ಆ ಪದಕ್ಕೆ ಕ್ಯಾಲೆಂಡರಿನ ಹಿಂದೆ ಅಡಗುತ್ತಾಳೆ, ಮಾಮಾ ಸುಳ್ಳು ಹೇಳುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣ ಹಲವು: ಊಟ, ಜಂತುಹುಳು, ಹೆಚ್ಚು ಹೋಗುವ ರಕ್ತ. ಈ ಕೊನೆಯದನ್ನು ಹೇಳಬಲ್ಲವಳು ಅವಳೊಬ್ಬಳೇ.

ಊರಿನ ಸ್ಮೃತಿಯನ್ನು ನಾನು ಬೇಕಾದಂತೆ ಬಗ್ಗಿಸುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ, ಅದಕ್ಕೂ ಜಾಗ ಇದೆ. ಕಲ್ಯಾಣದ ಕ್ರಾಂತಿ ಹೊತ್ತಿದ್ದೇ ಒಂದು ಮದುವೆಯಿಂದ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳು. ಆ ಇಬ್ಬರು ಅಪ್ಪಂದಿರಿಗೆ ಬಿಜ್ಜಳನ ರಾಜ್ಯದಲ್ಲಿ ಕಟ್ಟಿ ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತು. ಅಪ್ಪಂದಿರ ಹೆಸರು ಪ್ರತಿಯೊಬ್ಬ ಹುಡುಗನಿಗೂ ಗೊತ್ತು. ಮದುಮಗಳ ಹೆಸರು? ಒಂದು ಕಡೆ ಲಾವಣ್ಯ, ಕಾರ್ನಾಡರ 'ತಲೆದಂಡ'ದಲ್ಲಿ ಕಲಾವತಿ. ಆಕೆಗೆ ಏನನ್ನಿಸಿತ್ತು ಎಂಬುದನ್ನು ನಮ್ಮ ನೆನಪು ಹಿಡಿದಿಟ್ಟಿಲ್ಲ. ಎಷ್ಟು ಒಳ್ಳೆಯ ಕೆಲಸಕ್ಕೇ ಆಗಲಿ, ಹಿರಿಯರು ಎಳೆಯರ ಪರವಾಗಿ ಮಾತಾಡಿಬಿಡುತ್ತಾರೆ. ಶರಣರೂ ಇದಕ್ಕೆ ಹೊರತಾಗಿರಲಿಲ್ಲವೇನೋ.

ಈಗ ಕಾನೂನು ಎಲ್ಲಿ ನಿಂತಿದೆ ನೋಡೋಣ. ವಕೀಲರ ಮಾತಿನಲ್ಲಿ ಹೇಳಿದರೆ ನಿದ್ದೆ ಬರುತ್ತದೆ, ಆದರೆ ಒಂದು ವಿಚಿತ್ರ ಅದರಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಳೆಯ ದಂಡಸಂಹಿತೆಯಲ್ಲಿ ಇದ್ದಂತೆಯೇ, ಮಗುವಿನ ಒಳಿತಿಗಾಗಿ ಪೋಷಕರ ಒಪ್ಪಿಗೆಯಿಂದ ಮಾಡುವ ಕೆಲಸದ ಕಲಂ ಇರುವುದು 12 ವರ್ಷದೊಳಗಿನ ಮಗುವಿಗೆ. ಒಪ್ಪಿಗೆಯೇ ಅಲ್ಲ ಎಂದು ಅದು ಸಾಮಾನ್ಯವಾಗಿ ತಳ್ಳಿಹಾಕುವುದೂ 12ರ ಕೆಳಗಿನವರ ಮಾತನ್ನು. ಇತ್ತ ಕರಾರಿನ ಕಾಯ್ದೆ 18 ತುಂಬಬೇಕು ಎನ್ನುತ್ತದೆ. ಹನ್ನೆರಡರಿಂದ ಹದಿನೆಂಟರ ನಡುವೆ ಆರು ವರ್ಷಗಳ ಒಂದು ಪಡಸಾಲೆ. ಅಲ್ಲಿ ದೀಪ ಹಚ್ಚಿ ಇಂಥವರು ಕೂಡಬೇಕು ಎಂದು ಯಾರೂ ಹೇಳಿಲ್ಲ. ಆಸ್ಪತ್ರೆಗಳು ಹೆದರಿ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಮಾಮಾನ ಕೈಗೆ ಕೊಟ್ಟಿವೆ.

ಕಾನೂನು ಬರೆದವರಿಗೇ ಈ ಆರು ವರ್ಷಗಳ ಹುಡುಗರ ಬುದ್ಧಿ ಗೊತ್ತಿಲ್ಲದೆ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 32ನೇ ಕಲಂ ಓದಿದಾಗ ನನಗೆ ಗಂಟಲು ಕಟ್ಟಿತು. ಎಚ್‌ಐವಿ ಬಾಧಿತ ಕುಟುಂಬದ ಸಂಸಾರ ತೂಗಿಸುತ್ತಿರುವ, ತಿಳಿವಳಿಕೆಯುಳ್ಳ, 12 ತುಂಬಿದ 18 ತುಂಬದ ಅಕ್ಕ ಅಥವಾ ಅಣ್ಣ ತನ್ನ ತಮ್ಮ ತಂಗಿಯರಿಗೆ ಪೋಷಕರಾಗಬಹುದು. ಅವರ ಚಿಕಿತ್ಸೆಗೆ, ಶಾಲೆಗೆ, ಬ್ಯಾಂಕ್ ಖಾತೆಗೆ ಸಹಿ ಹಾಕಬಹುದು. ಹದಿಮೂರರ ಹುಡುಗಿ ತಮ್ಮನ ಔಷಧಿಗೆ ಒಪ್ಪಿಗೆ ಕೊಡಬಲ್ಲಳು. ಅದೇ ಹುಡುಗಿಗೆ ತನ್ನದೇ ಎಚ್‌ಐವಿ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು.

ಮದುವೆ ಸೇರಿದರೆ ಲೆಕ್ಕ ಇನ್ನೂ ಗೋಜಲು. ಕುಟುಂಬ ಆರೋಗ್ಯದ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20–24ರ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಯ ಮದುವೆ 18ಕ್ಕೆ ಮೊದಲೇ ಆಗಿತ್ತು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೂಲದಲ್ಲೇ ಅಸಿಂಧು. ಆದರೆ 1956ರ ಕಾಯ್ದೆ ತೆರೆದು ನೋಡಿದರೆ, ಮದುವೆಯಾದ ಅಪ್ರಾಪ್ತ ಹುಡುಗಿಗೆ ಸಹಜ ಪೋಷಕ ಆಕೆಯ ಗಂಡ! ಯಾವ ಮದುವೆ ಆಗಲೇ ಬಾರದಿತ್ತೋ ಅದರ ಗಂಡನೇ ಅವಳ ಹೆರಿಗೆಯ ಫಾರಂಗೆ ಸಹಿ ಹಾಕುವವನು.

ಗರ್ಭಪಾತದ ಮಾತು ಬಂದರೆ ಹೆದರಿಕೆ ಎರಡೂ ಕಡೆ. 1971ರ ಕಾಯ್ದೆಯಂತೆ 18ರೊಳಗಿನ ಹುಡುಗಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕೇಬೇಕು. 2012ರ ಪೋಕ್ಸೊ ಕಾಯ್ದೆಯಂತೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಹುಡುಗಿ ಮತ್ತು ಪೋಷಕರು ಕೋರಿದರೆ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದಿತು. ಒಳ್ಳೆಯ ಮಾತು. ಆದರೆ ಸಣ್ಣ ಊರಿನಲ್ಲಿ ತೀರ್ಪಿನ ಪ್ರತಿಗಿಂತ ಭಯ ಬೇಗ ತಲುಪುತ್ತದೆ. ಠಾಣೆಯ ಹೆಸರು ಕೇಳಿದ ಮನೆಯವರು ಹುಡುಗಿಯನ್ನು ಎತ್ತಿಕೊಂಡು ಯಾವ ಬೋರ್ಡೂ ಇಲ್ಲದ ಬಾಗಿಲಿಗೆ ಹೋಗುತ್ತಾರೆ.

ಹಾಗಾದರೆ ಹದಿನಾರಕ್ಕೇ ಎಲ್ಲ ಬಿಟ್ಟುಕೊಡೋಣವೇ? ಇಂಗ್ಲೆಂಡಿನಲ್ಲಿ ಹತ್ತು ಮಕ್ಕಳ ತಾಯಿ, ಕ್ಯಾಥೊಲಿಕ್ ಶ್ರದ್ಧಾವಂತೆ ವಿಕ್ಟೋರಿಯಾ ಗಿಲಿಕ್, ತನಗೆ ತಿಳಿಯದೆ ತನ್ನ ಹೆಣ್ಣುಮಕ್ಕಳಿಗೆ ಗರ್ಭನಿರೋಧಕದ ಸಲಹೆ ಕೊಡಬಾರದೆಂದು ದಾವೆ ಹೂಡಿ 1985ರಲ್ಲಿ ಸೋತರು. ಹದಿನಾರರ ಕೆಳಗಿನ ಮಗುವೂ ವಿಷಯವನ್ನು ಪೂರ್ತಿ ಅರಿತಿದ್ದರೆ ಅದರ ಒಪ್ಪಿಗೆ ಸಲ್ಲುತ್ತದೆ ಎಂದು ಅಲ್ಲಿನ ಅತ್ಯುನ್ನತ ಪೀಠ ಹೇಳಿತು. ಸೋತವರ ಹೆಸರೇ ಆ ನಿಯಮಕ್ಕೆ ಅಂಟಿಕೊಂಡಿದೆ. ಆದರೆ ಐದೇ ವರ್ಷಕ್ಕೆ, 1990ರಲ್ಲಿ, ಬೇರೆಯವರ ರಕ್ತ ಪಡೆಯುವುದನ್ನು ಒಪ್ಪದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಮನೆಯ ಹದಿನೈದರ ಹುಡುಗನೊಬ್ಬ ರಕ್ತದ ಕ್ಯಾನ್ಸರಿಗೆ ರಕ್ತ ಬೇಡ ಎಂದ. ಕೋರ್ಟು ಅವನ ಮಾತು ಮೀರಿ ರಕ್ತ ಕೊಡಿಸಿತು. ಹದಿನೆಂಟು ತುಂಬಿದ ಮೇಲೆ ಅವನು ಮತ್ತೆ ನಿರಾಕರಿಸಿ ತೀರಿಕೊಂಡ. ಜೀವ ಉಳಿಸುವ ಚಿಕಿತ್ಸೆಗೆ ಹುಡುಗರು ಬೇಡವೆಂದಾಗ ಹಿರಿಯರೂ ನ್ಯಾಯಾಲಯವೂ ಅಡ್ಡ ನಿಲ್ಲಬೇಕು ಎಂಬುದೇ ನನ್ನ ನಿಲುವು. ಬೇಕು ಎನ್ನುವ ಮಾತಿಗೂ ಬೇಡ ಎನ್ನುವ ಮಾತಿಗೂ ಈ ವಯಸ್ಸಿನಲ್ಲಿ ಒಂದೇ ತೂಕ ಕೊಡಲಾಗದು. ಆ ಹುಡುಗನ ಕೊನೆ ನೆನೆದಾಗ ಈ ನಿಲುವೂ ಸ್ವಲ್ಪ ಅಲುಗುತ್ತದೆ, ನಿಜ.

ಹಿರಿಯರ ಸಹಿ ಎಂಬುದು ಕಾವಲು ಎನ್ನುವವರು ನೋಡಬೇಕಾದದ್ದು ಇನ್ನೊಂದಿದೆ. ನಮ್ಮ ಹಾಗೆಯೇ ನಿಜಾಮರ ಆಳ್ವಿಕೆಯಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ 10ರಿಂದ 14ರ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ನಡೆಯಿತು. ಬಹಳಷ್ಟು ಮಕ್ಕಳು ಹಾಸ್ಟೆಲಿನವರು. ಲಸಿಕೆ ಕೆಟ್ಟದ್ದಲ್ಲ, ಯೋಜನೆಯ ನಡುವೆ ಆದ ಕೆಲವು ಹುಡುಗಿಯರ ಸಾವಿಗೆ ಅದು ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ 2013ರ ಸಂಸದೀಯ ಸಮಿತಿಯ ವರದಿ ಒಪ್ಪಿಗೆಯ 9,543 ಫಾರಂಗಳ ಲೆಕ್ಕ ಕೊಟ್ಟಿದೆ. ಅವುಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಅಪ್ಪ ಅವ್ವನಿಗೆ ಗೊತ್ತಿಲ್ಲ, ಹುಡುಗಿಗೆ ಯಾರೂ ಹೇಳಲಿಲ್ಲ, ಕಾಗದ ಮಾತ್ರ ಭರ್ತಿ. ಬಸವಕಲ್ಯಾಣ, ಹುಮನಾಬಾದುಗಳಲ್ಲೂ ಹಾಸ್ಟೆಲುಗಳಿವೆ. ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದವರ ಮಕ್ಕಳು ಅಲ್ಲೋ, ಮುತ್ಯಾ ಆಯಿಯರ ಹತ್ತಿರವೋ ಬೆಳೆಯುತ್ತಾರೆ. ಸಹಿಗೆ ಯಾರನ್ನು ಕರೆಯಬೇಕೆಂಬುದೇ ಇಲ್ಲಿ ದಿನದ ಪ್ರಶ್ನೆ. ಹುಡುಗಿಯನ್ನೇ ಕೂರಿಸಿ ಹೇಳಿದ್ದರೆ ಕನಿಷ್ಠ ಒಬ್ಬರಿಗಾದರೂ ನಿಜ ಗೊತ್ತಿರುತ್ತಿತ್ತು.

ಹಿರಿಯರ ಮನಸ್ಸೂ ಕಲ್ಲಲ್ಲ. 2024ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ 14ರ ಬಾಲಕಿಯ ಪ್ರಕರಣದಲ್ಲಿ, ತಾಯಿ ಕೇಳಿದರೆಂದು 30 ವಾರಗಳ ಹತ್ತಿರದ ಗರ್ಭ ತೆಗೆಯಲು 22ರಂದು ಅನುಮತಿ ಕೊಟ್ಟ ಸುಪ್ರೀಂ ಕೋರ್ಟು, ಹೆತ್ತವರು ಮನಸ್ಸು ಬದಲಿಸಿದರೆಂದು 29ರಂದು ಆದೇಶವನ್ನು ಹಿಂತೆಗೆದುಕೊಂಡಿತು. ಒಂದು ವಾರದಲ್ಲಿ ಎರಡು ತೀರ್ಮಾನ, ಹೊಟ್ಟೆ ಮಾತ್ರ ಆ ಹುಡುಗಿಯದು. ಪೋಷಕರ ಅಭಿಪ್ರಾಯ ಬೇರೆಯಾದಾಗ ಅಪ್ರಾಪ್ತ ಗರ್ಭಿಣಿಯ ಮಾತನ್ನು ಮುಖ್ಯವೆಂದು ಪರಿಗಣಿಸಬೇಕು ಎಂದು ನ್ಯಾಯಾಲಯ ಆ ತೀರ್ಪಿನಲ್ಲಿ ಬರೆದಿದೆ.

ನಾನು ಕೇಳುವುದು ಹೆಚ್ಚೇನಲ್ಲ. ಮನೆಯವರು ಆಸ್ಪತ್ರೆಯಿಂದ ಆಚೆ ಹೋಗಬೇಕೆಂದು ಹೇಳುತ್ತಿಲ್ಲ. ನಮ್ಮಲ್ಲಿ ಒಬ್ಬ ರೋಗಿಯ ಹಿಂದೆ ನಾಲ್ಕು ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅದು ನಮ್ಮ ಬಡತನವಲ್ಲ, ಬಲ. ಜೊತೆಗಿದ್ದವರು ಹತ್ತು ನಿಮಿಷ ಹೊರಗೆ ಕೂಡಬೇಕು, ಆ ಹತ್ತು ನಿಮಿಷ ಡಾಕ್ಟರು ಹುಡುಗಿಯ ಮುಖ ನೋಡಿ ಮಾತಾಡಬೇಕು, ಏನು ಮಾಡುತ್ತೇವೆಂದು ಹೇಳಬೇಕು, ನಿನಗೆ ಆಗಬಹುದಾ ಎಂದು ಕೇಳಬೇಕು. ಸಹಿ ಹಿರಿಯರದ್ದೇ ಇರಲಿ. ಫಾರಂ ಕನ್ನಡ, ಮರಾಠಿ, ಉರ್ದುವಿನಲ್ಲಿ ಇರಲಿ, ಆ ಹಿರಿಯರೂ ಓದಲಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19ರವರಿಗೆಂದೇ ಆಪ್ತಸಮಾಲೋಚನೆಯ ಕ್ಲಿನಿಕ್‌ಗಳಿವೆ, ನಮ್ಮ ರಾಜ್ಯದಲ್ಲಿ ಅವಕ್ಕೆ 'ಸ್ನೇಹ' ಎಂದು ಹೆಸರು. ಹೆಸರು ಚೆನ್ನಾಗಿದೆ. ಊರ ಹುಡುಗಿ ಆ ಬೋರ್ಡಿನ ಕೆಳಗೆ ಒಬ್ಬಳೇ ಹೋಗಿ ನಿಂತರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮನಸ್ಸಿನ ತೊಂದರೆಗೆ 14416ಕ್ಕೆ ಫೋನು ಮಾಡಬಹುದು, 2022ರಿಂದ ಟೆಲಿ ಮಾನಸ್ ನಡೆಯುತ್ತಿದೆ, ಅಲ್ಲಿ ಯಾರೂ ಸಹಿ ಕೇಳುವುದಿಲ್ಲ. ಫೋನು ಮಾತ್ರ ಅಣ್ಣನ ಕಿಸೆಯಲ್ಲಿರುತ್ತದೆ.

ಸಲೈನು ಹಾಕಿಸಿಕೊಂಡು ಬಂದ ರಾತ್ರಿ ಹುಡುಗಿ ತನ್ನ ಆಯಿಯ, ಅಂದರೆ ನಮ್ಮವ್ವನ, ಹತ್ತಿರ ಬಾಯಿ ಬಿಟ್ಟಳಂತೆ. ಮುಟ್ಟು ಹನ್ನೆರಡು ದಿನಕ್ಕೂ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಕಬ್ಬಿಣದ ಗುಳಿಗೆಯನ್ನು ಎರಡು ವರ್ಷ ನಾಲಿಗೆಯ ಕೆಳಗಿಟ್ಟುಕೊಂಡು ಹೊರಗೆ ಬಂದು ಉಗುಳುತ್ತಿದ್ದಳು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ತನಗೆ ದೊಡ್ಡ ರೋಗ ಬಂದಿದೆ ಎಂದು ಹೆದರಿದ್ದಳು. ಕಪ್ಪಾಗುವುದು ಸಹಜ ಎಂದು ಒಂದು ವಾಕ್ಯ ಯಾರಾದರೂ ಅವಳಿಗೆ ಹೇಳಿದ್ದರೆ ಸಾಕಿತ್ತು.

ಮುಂದಿನ ಸಲ ಹೋದಾಗ ನಾನು ಅವ್ವನ ಪಕ್ಕ ಬೆಂಚಿನ ಮೇಲೆ ಕುಳಿತೆ. ಡಾಕ್ಟರಿಗೆ ಮೊದಲೇ ಹೇಳಿದ್ದೆ, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ. ಹುಡುಗಿ ಒಬ್ಬಳೇ ಒಳಗೆ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ಬಂದಳು. ಕೈಯಲ್ಲಿ ಚೀಟಿ. "ಏನಂದ್ರವಾ ಡಾಕ್ಟರು?" ಎಂದೆ. "ಅದು ನನಗ ಹೇಳಿದ್ದು, ಮಾಮಾ" ಎಂದಳು. ಕಲ್ಯಾಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಮೇಲೆ ಅರ್ಧ ಹೇಳಿದಳು. ಉಳಿದರ್ಧವನ್ನು ನಾನು ಕೇಳಲಿಲ್ಲ.